ಮಾತ್ರೆಗೂ ಬಗ್ಗದ ಹುಳ: ಗೋದಾಮಿನಲ್ಲಿ ಏನು ಮಾಡಬೇಕು?

ಹುಳ ಸಾಯಲಿ ಅಂತ ಗ್ಯಾಸ್ ಹಾಕಿ ಮುಚ್ಚಿಟ್ಟ ಧಾನ್ಯದ ಚೀಲಗಳ ಅಟ್ಟಿಯ ಹೊದಿಕೆ ತೆಗೆದ ದಿನ ನಾನು ಮೊದಲು ನೋಡುವುದು ಮೇಲಿನ ಚೀಲಗಳನ್ನಲ್ಲ, ಕಂಬದ ಬುಡವನ್ನು. ಗಂಗಾವತಿ ಕಡೆಯ ಒಂದು ಅಕ್ಕಿ ಗೋದಾಮಿನಲ್ಲಿ ಕಲಿತ ಅಭ್ಯಾಸ ಇದು. ಅವತ್ತು ಐದನೇ ದಿನಕ್ಕೇ ಹೊದಿಕೆ ಸರಿಸಿದ್ದೆವು. ಮೇಲೆಲ್ಲ ಸತ್ತ ಹುಳ, ಎಳ್ಳು ಚೆಲ್ಲಿದ ಹಾಗೆ. ಮಾಲೀಕರಿಗೆ ಖುಷಿಯೋ ಖುಷಿ. ಆದರೆ ಒಂದು ಮೂಲೆಯಲ್ಲಿ, ಕಬ್ಬಿಣದ ಕಂಬಕ್ಕೆ ಒತ್ತಿಕೊಂಡಿದ್ದ ಚೀಲದ ಹೊಲಿಗೆ ಮೇಲೆ ಕೆಂಪು ಹಿಟ್ಟಿನ ಹುಳಗಳು ಆರಾಮಾಗಿ ಸಾಲು ಹಿಡಿದು ಓಡಾಡುತ್ತಿದ್ದವು. ಬಗ್ಗಿ ನೋಡಿದರೆ ಕಂಬದ ಸುತ್ತ ಹೊದಿಕೆ ನೆಲಕ್ಕೆ ಕೂತೇ ಇರಲಿಲ್ಲ. ನಾಲ್ಕು ಬೆರಳು ತೂರುವಷ್ಟು ಸಂದಿ.

"ಮುಂದಿನ ಸಲ ಡಬಲ್ ಮಾತ್ರೆ ಇಟ್ಟುಬಿಡೋಣ" ಅಂದರು ಮಾಲೀಕರು, ಗ್ಯಾಸ್ ಬಿಡುವ ಮಾತ್ರೆಯ ಬಗ್ಗೆ. ಎಲ್ಲರೂ ಹೇಳುವ ಮಾತೇ ಅದು. ಆ ಸಂದಿಯಿಂದ ಒಂದರಷ್ಟು ಗ್ಯಾಸ್ ಸೋರಿಹೋಗಿತ್ತು, ಡಬಲ್ ಇಟ್ಟರೆ ಡಬಲ್ ಸೋರುತ್ತದೆ, ಅಷ್ಟೇ. ಅರ್ಧಂಬರ್ಧ ಗ್ಯಾಸ್ ಕುಡಿದು ಬದುಕಿದ ಆ ಹುಳಗಳ ಸಂತಾನಕ್ಕೇ ಮುಂದೆ ಮಾತ್ರೆ ಹತ್ತದೆ ಹೋಗುವುದು.

ಗೋದಾಮು ನೋಡಿಕೊಳ್ಳುವವರು, ಅಕ್ಕಿ ಗಿರಣಿ, ಬೇಳೆ ಮಿಲ್ ನಡೆಸುವವರು, ಸೊಸೈಟಿ ಕಾರ್ಯದರ್ಶಿಗಳು, ಗ್ಯಾಸ್ ಹಾಕುವ ಲೈಸೆನ್ಸ್ ಇರುವವರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಚೀಲ ಕಾಳು ಇಟ್ಟುಕೊಂಡವರಿಗೆ ಕೊನೆಯಲ್ಲಿ ಬೇರೆ ಮಾತಿದೆ. ಅವರು ಮಾತ್ರೆ ಮುಟ್ಟಲೇಬಾರದು.

ಹುಳ ಗಟ್ಟಿಯಾಗುವುದು ಹೇಗೆ

ನಾವು ಮಾತ್ರೆ ಅನ್ನುವುದು ಅಲ್ಯೂಮಿನಿಯಂ ಫಾಸ್ಫೈಡ್. 3 ಗ್ರಾಂ ತೂಕದ ಒಂದು ಮಾತ್ರೆ ಗಾಳಿಯ ತೇವ ಹೀರಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಉಳಿಯುವುದು ಬೂದು ಬಣ್ಣದ ಪುಡಿ. ಹಿಂದೆ ಮೀಥೈಲ್ ಬ್ರೋಮೈಡ್ ಅಂತ ಇನ್ನೊಂದು ಅನಿಲ ಇತ್ತು. ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ ಮಾಂಟ್ರಿಯಲ್ ಒಪ್ಪಂದದಡಿ ನಮ್ಮಂಥ ದೇಶಗಳಲ್ಲೂ 2015ಕ್ಕೆ ನಿಂತುಹೋಯಿತು. ರಫ್ತು, ಆಮದಿನ ತಪಾಸಣೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ಗೋದಾಮಿನ ಧಾನ್ಯಕ್ಕೆ ಕೈಗೆಟುಕುವ ಅಗ್ಗದ ಅನಿಲ ಅಂತ ಉಳಿದಿರುವುದು ಫಾಸ್ಫೀನ್ ಒಂದೇ. ಇದನ್ನೂ ಕಳೆದುಕೊಂಡರೆ ಕಷ್ಟ.

ಸಮಸ್ಯೆ ಹೊಸದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1972-73ರಲ್ಲಿ ಜಗತ್ತಿನ ನಾನಾ ಕಡೆಯ ಹುಳ ತರಿಸಿ ಪರೀಕ್ಷೆ ಮಾಡಿದಾಗಲೇ ಸುಮಾರು 10ರಲ್ಲಿ 1 ಮಾದರಿ ಫಾಸ್ಫೀನ್ ತಡೆದುಕೊಂಡಿತ್ತು. ಆಮೇಲೆ ಭಾರತ, ಆಸ್ಟ್ರೇಲಿಯಾ, ಬ್ರೆಜಿಲ್, ಚೀನಾ, ಎಲ್ಲ ಕಡೆಯಿಂದಲೂ ವರದಿ ಬಂದಿದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಈ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಒಳಗೆ ನಡೆಯುವುದು ಇಷ್ಟು. ಗಟ್ಟಿತನ ಕೊಡುವ ಮುಖ್ಯ ಜೀನ್‌ಗಳು ಎರಡು. ಒಂದೇ ಇದ್ದರೆ ಹುಳ ಸ್ವಲ್ಪ ತಡೆಯುತ್ತದೆ, ಸರಿಯಾಗಿ ಗ್ಯಾಸ್ ಕೊಟ್ಟರೆ ಸಾಯುತ್ತದೆ. ಎರಡೂ ಕೂಡಿದರೆ ಮಾಮೂಲಿ ಪ್ರಮಾಣಕ್ಕೆ ಅದು ಜಗ್ಗುವುದಿಲ್ಲ. ಎರಡರಲ್ಲಿ ಒಂದು ಜೀನ್ ಯಾವುದು ಅನ್ನುವುದು 2012ರಲ್ಲಿ ಗೊತ್ತಾಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಕೆಲಸದಲ್ಲಿ ತೊಡಗಿರುವ ಒಂದು ಕಿಣ್ವದ ಜೀನ್ ಅದು. ಗ್ಯಾಸ್ ಸರಿಯಾಗಿ ನಿಂತರೆ ಅರೆಗಟ್ಟಿ ಹುಳಗಳೆಲ್ಲ ಸಾಯುತ್ತವೆ, ಜೋಡಿ ಕೂಡುವ ಪ್ರಶ್ನೆಯೇ ಬರುವುದಿಲ್ಲ. ಸೋರಿದರೆ ಮೆತ್ತನೆಯವು ಸತ್ತು ಅರೆಗಟ್ಟಿಯವು ಉಳಿಯುತ್ತವೆ, ಅವವೇ ಕೂಡುತ್ತವೆ. ನಾಲ್ಕೈದು ಪೀಳಿಗೆ ಅಂದರೆ ನಮ್ಮ ಸೆಕೆಗೆ ಆರೇಳು ತಿಂಗಳೂ ಬೇಡ.

ಮೊದಲು ರೋಗ ಯಾವುದು ಅಂತ ಪತ್ತೆ ಮಾಡಿ

ಹುಳ ಬದುಕಿದೆ ಅಂದ ಕೂಡಲೇ "ಗಟ್ಟಿ ಹುಳ" ಅನ್ನಬೇಡಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದು ಕೆಟ್ಟ ಕೆಲಸ, ಗಟ್ಟಿ ಹುಳ ಅಲ್ಲ. ಎಲ್ಲಿ, ಯಾವಾಗ ಹುಳ ಕಂಡಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಹೊದಿಕೆ ತೆಗೆದ ದಿನವೇ ಒಂದು ಮೂಲೆಯಲ್ಲಿ ಮಾತ್ರ ಜೀವಂತ ಹುಳ ಕಂಡರೆ ಅಲ್ಲಿ ಸೋರಿದೆ. ಕಂಬ, ಹೊದಿಕೆ ಜೋಡಿಸಿದ ಜಾಗ, ಬಿರುಕು ಬಿಟ್ಟ ನೆಲ, ಇವನ್ನು ನೋಡಿ.

ತೆಗೆದ ದಿನ ಎಲ್ಲ ಸತ್ತಿದ್ದವು, ಹತ್ತು ಹದಿನೈದು ದಿನಕ್ಕೆ ಮತ್ತೆ ಬಂದವು ಅಂದರೆ ಮೊಟ್ಟೆಯೋ ಕೋಶವೋ (ಮರಿ ದೊಡ್ಡ ಹುಳವಾಗುವ ಮುಂಚಿನ ಹಂತ) ಬದುಕಿದೆ. ಸೊಂಡಿಲು ಹುಳದ ಮರಿ ಅಕ್ಕಿಕಾಳಿನ ಒಳಗೇ ಬೆಳೆಯುತ್ತದೆ, ಹೊರಗಿನಿಂದ ನೋಡಿದರೆ ಕಾಳು ಚೆನ್ನಾಗೇ ಕಾಣುತ್ತದೆ. ಹೀಗಾದಾಗ ಅವಧಿ ಸಾಲಲಿಲ್ಲ ಅಂತ ತಿಳಿಯಿರಿ.

ಬಾಗಿಲ ಕಡೆಯ ಅಟ್ಟಿಯಲ್ಲಿ, ಹೊರಮೈ ಚೀಲಗಳಲ್ಲಿ ಮೊದಲು ಕಂಡರೆ ಹೊರಗಿನಿಂದ ಬಂದಿವೆ. ಕೆಂಪು ಹಿಟ್ಟಿನ ಹುಳ, ಧಾನ್ಯ ಕೊರೆಯುವ ಹುಳ ಎರಡೂ ಹಾರುತ್ತವೆ. ಪಕ್ಕದ ಗೋದಾಮಿನವರು ಅರ್ಧ ಕೆಲಸ ಮಾಡಿದರೆ ನಿಮಗೂ ಪಾಲು ಬರುತ್ತದೆ.

ಗ್ಯಾಸ್ ಅಳತೆ ಕೊನೆಯ ದಿನದವರೆಗೂ ಚೆನ್ನಾಗಿದೆ, ಹೊದಿಕೆಯಲ್ಲಿ ಸೋರಿಕೆ ಇಲ್ಲ, ಆದರೂ ಅಟ್ಟಿಯ ಎಲ್ಲ ಕಡೆ ಒಂದೇ ಜಾತಿಯ ಹುಳ ಓಡಾಡುತ್ತಿದೆ. ಆಗ ಅನುಮಾನ ಪಡಿ. ಗ್ಯಾಸ್ ಅಳತೆಯೇ ಇಲ್ಲದೆ ಈ ಮಾತು ಹೇಳಲು ಬರುವುದಿಲ್ಲ, ನೆನಪಿರಲಿ.

ಗುಡಿಸಿ. ನಿಜವಾಗಿ ಗುಡಿಸಿ

ಇದು ಯಾರಿಗೂ ಬೇಡವಾದ ಕೆಲಸ. ಅಟ್ಟಿ ಇಡುವ ಮರದ ಕ್ರೇಟ್ ಎತ್ತಿ ಅದರಡಿ ಗುಡಿಸಿ. ಮೂಲೆಯಲ್ಲಿ ಬಿದ್ದ ಹಳೆ ಗೋಣಿಚೀಲದ ಕಟ್ಟು, ಕಸ ತುಂಬಿದ ಚೀಲ, ಮಿಲ್ಲಿನ ಎಲಿವೇಟರ್ ಬುಡದ ಹಿಟ್ಟು, ಹುಳದ ತವರುಮನೆ ಇವೇ. ಗುಡಿಸಿದ ಕಸವನ್ನು ಗೋದಾಮಿನ ಹಿಂದೆ ಸುರಿದು ಬಂದರೆ ಗುಡಿಸಿಯೂ ಉಪಯೋಗ ಇಲ್ಲ, ಸಂಜೆಗೆ ವಾಪಸ್ ಬರುತ್ತವೆ. ಸುಡಿ ಇಲ್ಲವೇ ಆಳವಾಗಿ ಹೂಳಿ. ಹಳೆ ದಾಸ್ತಾನಿನ ಪಕ್ಕ ಹೊಸ ಮಾಲು ಇಳಿಸಬೇಡಿ, ಮೊದಲು ಬಂದಿದ್ದು ಮೊದಲು ಹೋಗಲಿ.

ಗೋಡೆ, ನೆಲ, ಖಾಲಿ ಜಾಗಕ್ಕೆ ಮೆಲಾಥಿಯಾನ್ ಅಥವಾ ಡೆಲ್ಟಾಮೆಥ್ರಿನ್ ಲೇಬಲ್ ಪ್ರಕಾರ ಸಿಂಪಡಿಸಬಹುದು. ಧಾನ್ಯದ ಮೇಲೆ ಅಲ್ಲ. ಮೆಲಾಥಿಯಾನ್‌ಗೂ ಕೆಂಪು ಹಿಟ್ಟಿನ ಹುಳ ಎಂದೋ ಗಟ್ಟಿಯಾಗಿದೆ, ಅದೊಂದನ್ನೇ ನಂಬಬೇಡಿ. ಡಿಡಿವಿಪಿ, ಅಂದರೆ ಡೈಕ್ಲೋರ್ವಾಸ್ ಕೀಟನಾಶಕ, ಹೊಡೆಯುವ ಹಳೆ ರೂಢಿ ಇದ್ದರೆ ಬಿಡಿ. 2020ರ ಕೊನೆಗೆ ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಬಿದ್ದಿದೆ.

ಸಂದಿ ಮುಚ್ಚುವುದೇ ನಿಜವಾದ ಕೆಲಸ

ಅರ್ಧ ದಿನ ಇದಕ್ಕೇ ಕೊಡಿ. ಹಮಾಲರಿಗೆ ಅವಸರ ಇರುತ್ತದೆ, ಮಾಲೀಕರಿಗೆ ಕೂಲಿ ಲೆಕ್ಕ ಇರುತ್ತದೆ. ಆದರೂ ಕೊಡಿ.

ಹೊದಿಕೆಯನ್ನು ಮೊದಲು ಬಿಸಿಲಿಗೆ ಹಿಡಿಯಿರಿ. ಇಬ್ಬರು ಎರಡು ತುದಿ ಎತ್ತಿ ಹಿಡಿದು, ಮೂರನೆಯವರು ಕೆಳಗೆ ನಿಂತು ಮೇಲೆ ನೋಡಿದರೆ ಸಾಕು, ತೂತೆಲ್ಲ ನಕ್ಷತ್ರದ ಹಾಗೆ ಮಿನುಗುತ್ತವೆ. ಒಂದೊಂದಕ್ಕೂ ಟೇಪ್ ಹಾಕಿ. ಮಳೆಗೆ ಹೊದಿಸುವ ಮಾಮೂಲಿ ನೇಯ್ಗೆ ತಾಡಪಾಲು ಈ ಕೆಲಸಕ್ಕೆ ಬರುವುದಿಲ್ಲ. ನೀರು ನಿಲ್ಲುತ್ತದೆ ನಿಜ, ಗ್ಯಾಸ್ ನಿಲ್ಲುವುದಿಲ್ಲ. ಫ್ಯೂಮಿಗೇಷನ್‌ಗೆಂದೇ, ಅಂದರೆ ಗ್ಯಾಸ್ ಹಾಕುವುದಕ್ಕೆಂದೇ, ಮಾಡಿದ ಪದರದ ಹೊದಿಕೆ ಬೇಕು. ಮಡಿಕೆ ಬಿದ್ದಲ್ಲೇ ಅದು ಮೊದಲು ಹರಿಯುವುದು, ಆದ್ದರಿಂದ ಮಡಿಸುವ ಬದಲು ಸುರುಳಿ ಸುತ್ತಿಡಿ.

ಎರಡು ಹೊದಿಕೆ ಸೇರುವಲ್ಲಿ ಒಂದರ ಮೇಲೊಂದು ಹಾಸಿದರೆ ಸಾಲದು. ಎರಡರ ಅಂಚನ್ನೂ ಜೋಡಿಸಿ ಚಾಪೆ ಸುತ್ತಿದ ಹಾಗೆ ಎರಡು ಮೂರು ಸುತ್ತು ಸುರುಳಿ ಮಾಡಿ ಕ್ಲಿಪ್ ಹಾಕಬೇಕು.

ನೆಲದ ಮೇಲೆ ಹೊದಿಕೆಯ ಅಂಚು ಕನಿಷ್ಠ ಒಂದು ಮೊಳ ಚಾಚಿರಲಿ. ಅದರ ಮೇಲೆ ಮರಳು ಹಾವು, ಅಂದರೆ ಉದ್ದನೆ ಬಟ್ಟೆ ಚೀಲದಲ್ಲಿ ತುಂಬಿದ ಮರಳು. ಹಾವು ಗಟ್ಟಿ ತುಂಬಿರಬಾರದು. ಗಟ್ಟಿ ತುಂಬಿದ್ದು ಕೊಳವೆ ಹಾಗೆ ಗುಂಡಗೆ ಕೂತು ಒಂದೇ ಗೆರೆಯಲ್ಲಿ ಒತ್ತುತ್ತದೆ. ಮುಕ್ಕಾಲು ತುಂಬಿದ್ದು ಮೈ ಚೆಲ್ಲಿ ಅಗಲಕ್ಕೆ ಕೂರುತ್ತದೆ. ಎರಡು ಸಾಲು ಇಡಿ, ಒಂದರ ತುದಿ ಇನ್ನೊಂದರ ಮೇಲೆ ಹತ್ತಿರಲಿ. ಇಟ್ಟಿಗೆ, ಕಲ್ಲು, ಅಕ್ಕಿ ಚೀಲ ಇಟ್ಟು ಮುಗಿಸುವವರನ್ನು ನೋಡಿದ್ದೇನೆ. ಸುಮ್ನೆ ಸಮಾಧಾನಕ್ಕೆ ಅಷ್ಟೇ ಅದು.

ಕಂಬ ಅಟ್ಟಿಯೊಳಗೆ ಬಂದರೆ ತಲೆನೋವು. ಸಾಧ್ಯವಿದ್ದರೆ ಕಂಬ ಬಿಟ್ಟು ಅಟ್ಟಿ ಕಟ್ಟಿಸಿ, ಸುತ್ತ ಒಬ್ಬ ಮನುಷ್ಯ ನಡೆದಾಡುವಷ್ಟು ಜಾಗ ಬಿಡಿಸಿ. ಸಾಧ್ಯವಿಲ್ಲ ಅಂದರೆ ಕಂಬಕ್ಕೆ ಹೊದಿಕೆ ಸುತ್ತಿ ಟೇಪ್ ಬಿಗಿದು, ಬುಡಕ್ಕೆ ಕೆಸರು ಮಣ್ಣು ಮೆತ್ತಿ. ನೆಲದಲ್ಲಿ ಬಿರುಕಿದ್ದರೆ ಅಟ್ಟಿ ಕಟ್ಟುವ ಮೊದಲೇ ಸಿಮೆಂಟ್ ತುಂಬಿಸಿ, ಇಲ್ಲವೇ ಅಡಿಗೂ ಒಂದು ಹಾಳೆ ಹಾಸಿ. ಫಾಸ್ಫೀನ್ ಗಾಳಿಗಿಂತ ಒಂಚೂರು ಮಾತ್ರ ಭಾರ. ಎಲ್ಲಿ ಸಂದಿ ಸಿಕ್ಕರೂ ನುಸುಳುತ್ತದೆ, ಕೆಳಗೂ ಕೂಡ.

ಆಸ್ಟ್ರೇಲಿಯಾದ ರೈತರು ಧಾನ್ಯ ತುಂಬುವ ಉಕ್ಕಿನ ಗೋಪುರಕ್ಕೆ, ಅಂದರೆ ಸೈಲೋಗೆ, ಗಾಳಿ ತುಂಬಿ ಒತ್ತಡ ಪರೀಕ್ಷೆ ಮಾಡುತ್ತಾರೆ. ಒತ್ತಡ ಅರ್ಧಕ್ಕೆ ಇಳಿಯಲು ಹೊಸ ಸೈಲೋ ಆದರೆ ಕನಿಷ್ಠ 5 ನಿಮಿಷ ಹಿಡಿಯಬೇಕು. ಅದಕ್ಕಿಂತ ಬೇಗ ಇಳಿದರೆ ಸೋರುವ ಜಾಗ ಹುಡುಕುತ್ತಾರೆ, ಆಮೇಲೆ ಮಾತ್ರೆ. ನಮ್ಮ ಚೀಲದ ಅಟ್ಟಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಆದರೆ ಸಂದಿ ಮೊದಲು ಮಾತ್ರೆ ಆಮೇಲೆ ಅನ್ನುವ ಕ್ರಮ ನಮಗೂ ಅದೇ.

ಎಷ್ಟು ಮಾತ್ರೆ, ಎಷ್ಟು ದಿನ

ನಮ್ಮ ಗೋದಾಮುಗಳಲ್ಲಿ ಹೊದಿಕೆಯಡಿಯ ಅಟ್ಟಿಗೆ ಟನ್ನಿಗೆ 3 ಗ್ರಾಮಿನ 3 ಮಾತ್ರೆ ರೂಢಿ. ಲೇಬಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಕಮ್ಮಿ ಮಾಡಬೇಡಿ, ಜಾಸ್ತಿಯೂ ಬೇಡ. ಗ್ಯಾಸ್ ಅತಿಯಾಗಿ ದಟ್ಟವಾದರೆ ಹುಳ ಜ್ಞಾನ ತಪ್ಪಿ ಬಿದ್ದು ಉಸಿರಾಟ ಕಮ್ಮಿ ಮಾಡಿಕೊಳ್ಳುತ್ತದೆ. ಉಸಿರಾಡದ ಹುಳದೊಳಗೆ ಗ್ಯಾಸ್ ಹೋಗುವುದಿಲ್ಲ.

ಫಾಸ್ಫೀನ್‌ಗೆ ದಟ್ಟಣೆಗಿಂತ ದಿನ ಮುಖ್ಯ. ಮೊಟ್ಟೆ, ಕೋಶ ಎರಡೂ ಗಟ್ಟಿ ಪಿಂಡ. ಮರಿ, ದೊಡ್ಡ ಹುಳ ಮೆತ್ತಗೆ. ಗ್ಯಾಸ್ ಸಾಕಷ್ಟು ದಿನ ನಿಂತರೆ ಮೊಟ್ಟೆ ಒಡೆದು ಮರಿಯಾಗುತ್ತದೆ, ಕೋಶದಿಂದ ಹುಳ ಹೊರಬರುತ್ತದೆ, ಅಷ್ಟರಲ್ಲಿ ಗ್ಯಾಸ್ ಕಾದಿರುತ್ತದೆ. ಹಾಗಾಗಿ 7 ದಿನಕ್ಕೆ ಕಮ್ಮಿ ಬೇಡ, ಗಟ್ಟಿ ಹುಳದ ಅನುಮಾನ ಇದ್ದರೆ 10 ದಿನ ಅಥವಾ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಬಳಸುವ ಅಳತೆ ನೆನಪಿಡಲು ಸುಲಭ: 7 ದಿನ ಆದರೆ 300 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಗ್ಯಾಸ್) ಕೆಳಗಿಳಿಯಬಾರದು, 10 ದಿನ ಆದರೆ 200.

ಲಾರಿ ಬಂದಿದೆ ಅಂತ ಐದನೇ ದಿನಕ್ಕೆ ಹೊದಿಕೆ ಎತ್ತಿಸುವುದು ನಮ್ಮಲ್ಲಿ ಮಾಮೂಲು. ಗಂಗಾವತಿಯ ಆ ಗೋದಾಮಿನಲ್ಲಿ ಆಗಿದ್ದೂ ಅದೇ. ಲಾರಿ ದಿನಾಂಕ ಕೇಳಿಕೊಂಡೇ ಗ್ಯಾಸ್ ದಿನ ಗೊತ್ತು ಮಾಡಿ.

ಚಳಿಯಲ್ಲಿ ಹುಳದ ಉಸಿರಾಟವೂ ನಿಧಾನ, ಮಾತ್ರೆ ಕರಗುವುದೂ ನಿಧಾನ. ಧಾನ್ಯದ ಬಿಸಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ದಿನ ಹೆಚ್ಚಿಸಬೇಕು. ಬೀದರ್, ಕಲಬುರಗಿಯ ಡಿಸೆಂಬರ್ ರಾತ್ರಿಗಳಲ್ಲಿ ಇದು ಲೆಕ್ಕಕ್ಕಿರಲಿ. ಅಟ್ಟಿಯ ನಡುವೆ ಬೆಚ್ಚಗಿದ್ದರೂ ಅಂಚಿನ ಚೀಲ ತಣ್ಣಗಿರುತ್ತದೆ.

ಗ್ಯಾಸ್ ಅಳೆಯದೆ ಕೆಲಸ ಇಲ್ಲ

ತೆಳು ನೈಲಾನ್ ಪೈಪು ಮೂರು. ಒಂದು ಅಟ್ಟಿಯ ತಲೆಯಲ್ಲಿ, ಒಂದು ನಡುವೆ, ಒಂದು ಬುಡದಲ್ಲಿ ಬಾಗಿಲಿಗೆ ದೂರದ ಮೂಲೆಗೆ. ಹೊದಿಕೆ ಮುಚ್ಚುವ ಮೊದಲೇ ಇಟ್ಟು, ಇನ್ನೊಂದು ತುದಿ ಹೊರಗೆ ತಂದು ಹೆಸರು ಬರೆದ ಚೀಟಿ ಕಟ್ಟಿ. ತಾಮ್ರದ ಪೈಪು ಬೇಡ, ಫಾಸ್ಫೀನ್ ತಾಮ್ರವನ್ನು ತಿನ್ನುತ್ತದೆ. ಸ್ವಿಚ್ ಬೋರ್ಡ್, ಮೊಬೈಲ್ ಹತ್ತಿರ ಇರಬಾರದು ಅನ್ನುವುದೂ ಇದಕ್ಕೇ.

ದಿನಕ್ಕೊಮ್ಮೆ ಮೀಟರ್ ಅಥವಾ ಗ್ಯಾಸ್ ಅಳೆಯುವ ಗಾಜಿನ ಡ್ರೇಗರ್ ಟ್ಯೂಬ್ ಹಿಡಿದು ಓದಿ. ಒಂದು ಘನ ಮೀಟರಿನಲ್ಲಿ 1 ಗ್ರಾಂ ಫಾಸ್ಫೀನ್ ಅಂದರೆ ಸುಮಾರು 700 ಪಿಪಿಎಂ. ಈ ಲೆಕ್ಕ ಗೊತ್ತಿದ್ದರೆ ಎಷ್ಟು ಏರಬೇಕಿತ್ತು ಅಂತ ಅಂದಾಜು ಸಿಗುತ್ತದೆ. ಧಾನ್ಯವೂ ಸ್ವಲ್ಪ ಹೀರುತ್ತದೆ, ಹಾಗಾಗಿ ಲೆಕ್ಕದಷ್ಟು ಬರುವುದಿಲ್ಲ. ಎರಡನೇ ದಿನ 900 ಇದ್ದದ್ದು ನಾಲ್ಕನೇ ದಿನ 40 ಆಗಿದ್ದರೆ ಹುಡುಕುವುದು ತೂತನ್ನು. ನಿಧಾನಕ್ಕೆ ಇಳಿದು ಏಳನೇ ದಿನವೂ 300ರ ಮೇಲಿದ್ದರೆ ಒಳ್ಳೆ ಕೆಲಸ. ಮೊದಲಿಂದಲೂ ಏರದೇ ಇದ್ದರೆ ಮಾತ್ರೆ ಹಳೆಯದೋ, ಡಬ್ಬಿ ತೆರೆದಿಟ್ಟದ್ದೋ ನೋಡಿ. ಇದನ್ನೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವರ್ಷದ ನಂತರ ಯಾವ ಅಟ್ಟಿ ಯಾವಾಗ ಕೈಕೊಟ್ಟಿತು ಅಂತ ಅದರಲ್ಲೇ ಕಾಣುತ್ತದೆ.

ಪ್ರಾಣದ ವಿಷಯ

ಅಲ್ಯೂಮಿನಿಯಂ ಫಾಸ್ಫೈಡ್ ವಿಷಕ್ಕೆ ಪ್ರತಿವಿಷ ಇಲ್ಲ. ಕಾನೂನು ಕೂಡ ಇದನ್ನು ಸರ್ಕಾರಿ ತಜ್ಞರು ಅಥವಾ ಲೈಸೆನ್ಸ್ ಇರುವ ಕೀಟ ನಿಯಂತ್ರಕರ ಉಸ್ತುವಾರಿಗಷ್ಟೇ ಬಿಟ್ಟಿದೆ. 10, 20 ಮಾತ್ರೆಯ ಟ್ಯೂಬ್ ಪ್ಯಾಕ್ ಪೂರ್ತಿ ನಿಷೇಧ.

ಒಬ್ಬರೇ ಕೆಲಸಕ್ಕೆ ಇಳಿಯಬೇಡಿ. ಮೂಗಿಗೆ ಕಟ್ಟುವ ಕರ್ಚೀಫು ಮಾಸ್ಕ್ ಅಲ್ಲ. ಫಾಸ್ಫೀನ್‌ಗೆ ಅಂತಲೇ ಇರುವ, ಗಾಳಿ ಸೋಸುವ ಡಬ್ಬಿಯ ಪೂರ್ಣ ಮುಖದ ಮಾಸ್ಕ್ ಬೇಕು. ಮಾತ್ರೆಯನ್ನು ಟ್ರೇಯಲ್ಲಿ ಬಿಡಿಬಿಡಿಯಾಗಿ ಹರಡಿ. ರಾಶಿ ಹಾಕಿದರೆ ಬಿಸಿಯಾಗುತ್ತದೆ, ನೀರು ತಾಗಿದರೆ ಬೆಂಕಿಯೇ ಹತ್ತಬಹುದು. ಬೆಳ್ಳುಳ್ಳಿ ವಾಸನೆ ಬರಲಿಲ್ಲ, ಹಾಗಾಗಿ ಗ್ಯಾಸ್ ಇಲ್ಲ ಅನ್ನಬೇಡಿ. ವಾಸನೆ ಹೋದ ಮೇಲೂ ಗ್ಯಾಸ್ ಇರಬಹುದು. ಮೀಟರ್ 0.3 ಪಿಪಿಎಂಗಿಂತ ಕೆಳಗೆ ತೋರಿಸುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಗೋದಾಮಿಗೆ ಅಂಟಿಕೊಂಡ ಕಾವಲುಗಾರನ ಕೋಣೆ ಇದ್ದರೆ ಅಷ್ಟೂ ದಿನ ಅದು ಖಾಲಿ ಇರಬೇಕು.

ಆಮೇಲೂ ಹುಳ ಕಂಡರೆ

ಅದೇ ಹೊದಿಕೆ, ಅದೇ ಮಾತ್ರೆ, ಮರುದಿನವೇ ಇನ್ನೊಂದು ಸುತ್ತು ಬೇಡ. ಬದುಕಿದ ಹುಳಗಳನ್ನು ಹಿಡಿಯಿರಿ. ಮುಚ್ಚಳಕ್ಕೆ ಸೂಜಿತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಹಿಡಿ ಹುಳ ಇಲ್ಲದ ಗೋಧಿಯೋ ಅಕ್ಕಿಯೋ ಹಾಕಿ, ಅದರಲ್ಲಿ ನೂರರಷ್ಟಾದರೂ ಹುಳ ಬಿಟ್ಟು, ಊರು, ದಿನಾಂಕ, ಧಾನ್ಯ, ಗ್ಯಾಸ್ ಓದಿದ ಅಳತೆ ಬರೆದು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದವರನ್ನು ಕೇಳಿ. ಪರೀಕ್ಷೆ ತೀರಾ ಕ್ಲಿಷ್ಟ ಅಲ್ಲ. ಗೊತ್ತುಪಡಿಸಿದ ಸಣ್ಣ ಪ್ರಮಾಣದ ಗ್ಯಾಸಿನಲ್ಲಿ 20 ಗಂಟೆ ಇಟ್ಟು, 14 ದಿನ ಬಿಟ್ಟು ಎಷ್ಟು ಬದುಕಿವೆ ಎಣಿಸುತ್ತಾರೆ. ಮೆತ್ತನೆ ಹುಳ ಒಂದೂ ಉಳಿಯಬಾರದು.

ಗಟ್ಟಿ ಅಂತ ಖಚಿತವಾದರೆ ಆ ದಾಸ್ತಾನನ್ನು ಮೊದಲು ಖಾಲಿ ಮಾಡುವುದು ಜಾಣತನ, ಬೇರೆ ಗೋದಾಮಿಗೆ ಸಾಗಿಸಿ ಹುಳ ಹಂಚುವುದಲ್ಲ. ಆಸ್ಟ್ರೇಲಿಯಾದವರು ಇಂಥ ಕಡೆ ಸಲ್ಫ್ಯೂರಿಲ್ ಫ್ಲೋರೈಡ್ ಎಂಬ ಬೇರೆ ಅನಿಲ ಕೊಟ್ಟು ಸರಪಳಿ ಕಡಿಯುತ್ತಾರೆ. ನಮ್ಮಲ್ಲಿ ಕೈಗೆ ಸಿಗುವ ದಾರಿ ಗಾಳಿಯಾಡದ ದಾಸ್ತಾನು. ಉಸಿರು ಕಟ್ಟಿ ಸಾಯುವ ವಿಷಯದಲ್ಲಿ ಫಾಸ್ಫೀನ್ ಗಟ್ಟಿತನ ಹುಳಕ್ಕೆ ನೆರವಿಗೆ ಬರುವುದಿಲ್ಲ. ವರ್ಷದ ಒಂದು ದಾಸ್ತಾನನ್ನಾದರೂ ಮಾತ್ರೆ ಇಲ್ಲದೆ ಕಾಯ್ದರೆ ಗಟ್ಟಿ ಹುಳವನ್ನು ಆರಿಸಿ ಬೆಳೆಸುವ ಕೆಲಸ ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಹುಳ ಕಣ್ಣಿಗೆ ಬೀಳುವ ತನಕ ಕಾಯುವುದೂ ಬೇಡ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ತೂತಿನ ಕೊಳವೆ ಬಲೆ ಇದೆ. ಧಾನ್ಯದೊಳಗೆ ಚುಚ್ಚಿಟ್ಟರೆ ಓಡಾಡುವ ಹುಳ ತೂತಿನಲ್ಲಿ ಇಳಿದು ಕೆಳಗಿನ ಬಟ್ಟಲಿಗೆ ಬೀಳುತ್ತದೆ. ವಾರಕ್ಕೊಮ್ಮೆ ಎಣಿಸಿ. ತಿಂಗಳು ಬಂತು ಅಂತ ಪಂಚಾಂಗ ನೋಡಿ ಗ್ಯಾಸ್ ಹಾಕುವ ಚಾಳಿ ಇದರಿಂದಲೇ ಬಿಡುವುದು. ಬೇಡದ ಗ್ಯಾಸ್ ಪ್ರತಿ ಸಲವೂ ಗಟ್ಟಿ ಹುಳಕ್ಕೆ ಅನುಕೂಲ ಮಾಡಿಕೊಡುತ್ತದೆ.

ಮನೆಯಲ್ಲಿ ಕಾಳು ಇಡುವವರಿಗೆ

ಮಲಗುವ ಕೋಣೆ ಪಕ್ಕದ ಧಾನ್ಯಕ್ಕೆ ಮಾತ್ರೆ ಇಟ್ಟು ಮನೆಯವರು ಪ್ರಾಣ ಕಳೆದುಕೊಂಡ ಸುದ್ದಿ ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ಯಾರಾದರೂ ಬಿಡಿ ಮಾತ್ರೆ ಕೊಟ್ಟರೂ ತರಬೇಡಿ.

ನಮ್ಮ ಹಿರಿಯರ ಹಗೇವು ಹೇಗೆ ಕೆಲಸ ಮಾಡುತ್ತಿತ್ತು? ನೆಲದೊಳಗೆ ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ತೀರುತ್ತಿತ್ತು, ಹುಳ ಉಸಿರು ಕಟ್ಟಿ ಸಾಯುತ್ತಿತ್ತು. ಅದಕ್ಕೇ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಇಳಿಯುವಂತಿಲ್ಲ.

ಇದನ್ನೇ ಈಗ ಚೀಲದಲ್ಲಿ ಮಾಡಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದೆ ರೈತರಿಗಾಗಿ ರೂಪಿಸಿದ ಪಿಕ್ಸ್ ಚೀಲ ಅಂಥದ್ದು. ಹೊರಗೆ ನೇಯ್ದ ಚೀಲ, ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಎರಡು ಪದರ. ಕಾಳನ್ನು ಮೊದಲು ಚೆನ್ನಾಗಿ ಒಣಗಿಸಿ, ಹಲ್ಲಿನಲ್ಲಿ ಕಡಿದರೆ ಕಟ್ ಅನ್ನಬೇಕು. ಹಸಿ ಕಾಳು ಗಾಳಿಯಿಲ್ಲದೆ ಬೂಸಲು ಹಿಡಿಯುತ್ತದೆ. ತುಂಬಿದ ಮೇಲೆ ಗಾಳಿ ಹಿಂಡಿ ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ತಿರುಚಿ, ಮಡಚಿ ಕಟ್ಟಿ. ಇಲಿ ಹಲ್ಲು ಹಾಕದ ಕಡೆ ಇಡಿ. ಒಂದು ತೂತಾದರೂ ಒಳಗೆ ಗಾಳಿ ಹೋಗುತ್ತದೆ. ತೊಗರಿಯನ್ನು ಕಾಳಾಗಿ ಇಡುವ ಬದಲು ಬೇಳೆ ಮಾಡಿಸಿ ಇಟ್ಟರೂ ಕಾಳು ಕೊರೆಯುವ ಹುಳದ ಕಾಟ ಬಹಳ ಕಮ್ಮಿ. ಆ ಹುಳಕ್ಕೆ ಮೊಟ್ಟೆ ಅಂಟಿಸಲು ಇಡೀ ಕಾಳಿನ ಸಿಪ್ಪೆ ಬೇಕು. ಕಟ್ಟಿದ ಚೀಲವನ್ನು ಮೊದಲ ಒಂದೂವರೆ ತಿಂಗಳು ಬಿಚ್ಚದೇ ಇಡಿ. ದಿನದ ಅಡುಗೆಗೆ ಬೇಕಾದಷ್ಟನ್ನು ಮೊದಲೇ ಡಬ್ಬಿಗೆ ತೆಗೆದಿಟ್ಟುಕೊಳ್ಳಿ.